ಆರು ವಾರದ ಲೆಕ್ಕ

ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಮನೆಗೆ ಬಂದರೂ ಆ ಚಟ ಬಿಡುವುದಿಲ್ಲ. ಹಾಲಿನವರಿಗೆ ಕೊಟ್ಟಿದ್ದು, ಗ್ಯಾಸ್ ಸಿಲಿಂಡರ್ ಬಂದ ದಿನ, ಚೀಟಿ ಕಟ್ಟಿದ್ದು, ಎಲ್ಲವನ್ನೂ ಒಂದು ಉದ್ದನೆ ಪುಸ್ತಕದಲ್ಲಿ ಬರೆದಿಡುತ್ತೇನೆ. ಮೊನ್ನೆ ಏನೋ ಹುಡುಕುವಾಗ ಹಳೆಯ ಪುಸ್ತಕವೊಂದು ಕೈಗೆ ಸಿಕ್ಕಿತು. ನಡುವೆ ಒಂದು ಪುಟ ಹೀಗಿತ್ತು:

"ಬೆಳಿಗ್ಗೆ 5.10, ಒದ್ದೆ. 7.30, ಒದ್ದೆ. 9.00, ಎರಡೂ. ಬೆನ್ನಿನ ಕಡೆ ಒಳಗೆ ಹೋಗಿದೆ. ಒರೆಸಿ, ತಣ್ಣನೆ ಗಾಳಿ. 11.00, ಮಗ್ಗುಲು ಬದಲು. 1.00, ಮಗ್ಗುಲು. ಅನ್ನ ಸಾರು ನಾಲ್ಕು ತುತ್ತು. ಹೊಟ್ಟೆ ಬಿಗಿ ಅಂತ ಅತ್ತಳು."

ಇಂಥ ಪುಟಗಳು ನಲವತ್ತಮೂರಿವೆ. ಮಗಳ ತೊಡೆ ಮೂಳೆ ಮುರಿದು, ಎದೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದ್ದ ದಿನಗಳ ಲೆಕ್ಕ ಅದು.

ನಾಲ್ಕು ವರ್ಷದ ಹಿಂದಿನ ಮಾತು. ಅವಳಿಗೆ ಆಗ ಎರಡು ವರ್ಷ ಹತ್ತು ತಿಂಗಳು, ತೂಕ ಹನ್ನೆರಡು ಕೆಜಿ. ತಿಪಟೂರಿನ ಹತ್ತಿರ ನಮ್ಮತ್ತೆಯ ಊರು. ಅಲ್ಲಿನ ಜಗಲಿ ಕಟ್ಟೆ ಎತ್ತರವೇನೂ ಇಲ್ಲ, ನನ್ನ ಮೊಣಕಾಲಿಗಿಂತ ಒಂದು ಗೇಣು ಮೇಲೆ ಬರುತ್ತೆ ಅಷ್ಟೆ. ಅದರ ಮೇಲೆ ಓಡುತ್ತಿದ್ದವಳು ಕಾಲು ತಿರುಚಿ ಅಂಗಳಕ್ಕೆ ಬಿದ್ದಳು. ಹಿಂದೆ ಓಡಿ ಬರುತ್ತಿದ್ದ ಪಕ್ಕದ ಮನೆ ಹುಡುಗ ಅವಳ ಮೇಲೇ ಬಿದ್ದ. ಎತ್ತಿಕೊಳ್ಳಲು ಹೋದಾಗ ಅವಳು ಕಿರುಚಿದ ರೀತಿಗೇ ಗೊತ್ತಾಯಿತು, ಇದು ಬರೀ ಉಳುಕಲ್ಲ ಅಂತ. ಪಾದ ಹೊರಗಡೆ ತಿರುಗಿಕೊಂಡಿತ್ತು. ತೊಡೆ ನೋಡನೋಡುತ್ತಲೇ ಊದಿತು.

ಮಾವನವರ ಮೊದಲ ಮಾತು, "ಪುತ್ತೂರು ಕಟ್ಟು ಕಟ್ಟಿಸೋಣ."

ಬೆಂಗಳೂರಿನ ಗಲ್ಲಿಗಳಲ್ಲಿ, ಹೆದ್ದಾರಿ ಪಕ್ಕದಲ್ಲಿ ಈ ಬೋರ್ಡು ನೋಡದವರಿಲ್ಲ. ಎಷ್ಟೋ ಜನ ಅದು ದಕ್ಷಿಣ ಕನ್ನಡದ ಪುತ್ತೂರು ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅದು ಆಂಧ್ರದ, ತಿರುಪತಿ ಹತ್ತಿರದ ಪುತ್ತೂರು. ಸೊಪ್ಪು ಅರೆದು, ಮೊಟ್ಟೆಯ ಬಿಳಿ ಸೇರಿಸಿ, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತುವ ಪದ್ಧತಿ. ಕೈ ಮುರಿದವರು ಅಲ್ಲಿಗೆ ಹೋಗಿ ವಾಸಿ ಮಾಡಿಕೊಂಡು ಬಂದ ಕಥೆ ನಮ್ಮ ಊರಲ್ಲಿ ಮನೆಗೊಂದಿದೆ. ನಾನು ಅದನ್ನು ಗೇಲಿ ಮಾಡುವವಳಲ್ಲ. ಬ್ರಿಟನ್ನಿನಲ್ಲಿ ಮೊಣಕಾಲು ಕೀಲಿನ ರೋಗಕ್ಕೆಂದು ಕಬ್ಬಿಣದ ಚೌಕಟ್ಟು ಮಾಡಿದ ಹ್ಯೂ ಓವೆನ್ ಥಾಮಸ್ ಅನ್ನೋ ವೈದ್ಯರಿದ್ದರು. ಅವರ ಮನೆತನವೂ ತಲೆತಲಾಂತರದಿಂದ ಮೂಳೆ ಕಟ್ಟುವವರದ್ದೇ, ವೇಲ್ಸ್‌ನ ಹಳ್ಳಿಗಾಡಿನವರು. ಆಮೇಲೆ ತೊಡೆ ಮೂಳೆ ಮುರಿತಕ್ಕೂ ಬಳಕೆಗೆ ಬಂದ ಆ ಚೌಕಟ್ಟು ಈಗಲೂ ಥಾಮಸ್ ಸ್ಪ್ಲಿಂಟ್ ಅನ್ನೋ ಹೆಸರಲ್ಲಿ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿದೆ.

ಆದರೆ ತೊಡೆ ಮೂಳೆಯ ವಿಷಯ ಬೇರೆ. ಮೈಯಲ್ಲಿ ಅದಕ್ಕಿಂತ ಉದ್ದದ, ಗಟ್ಟಿ ಮೂಳೆ ಇನ್ನೊಂದಿಲ್ಲ. ಸುತ್ತ ಇರುವ ಮಾಂಸಖಂಡಗಳೂ ಅಷ್ಟೇ ಬಲವಾದವು. ಮೂಳೆ ಮುರಿದ ತಕ್ಷಣ ಅವು ಎರಡೂ ತುಂಡನ್ನು ಎಳೆದು ಒಂದರ ಮೇಲೊಂದು ಹತ್ತಿಸಿಬಿಡುತ್ತವೆ. ಮುರಿದ ಮೂಳೆ ಅಲುಗದ ಹಾಗೆ ಹಿಡಿಯಬೇಕಾದರೆ ಅದರ ಮೇಲಿನ ಕೀಲು, ಕೆಳಗಿನ ಕೀಲು ಎರಡನ್ನೂ ಹಿಡಿಯಬೇಕು. ತೊಡೆಗೆ ಮೇಲಿನ ಕೀಲು ಸೊಂಟ. ದಬ್ಬೆ ಕಟ್ಟಿ ಸೊಂಟವನ್ನು ಹಿಡಿಯೋದು ಹೇಗೆ? ಊದಿಕೊಳ್ಳುತ್ತಿರುವ ಕಾಲಿಗೆ ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಡದೆ ಮಾಂಸವೇ ಸತ್ತುಹೋಗುವ ಅಪಾಯ ಬೇರೆ. ಇದೆಲ್ಲ ಆವತ್ತು ನನಗೆ ಗೊತ್ತಿರಲಿಲ್ಲ ಬಿಡಿ. ನಮ್ಮೆಜಮಾನರು ಯಾರ ಮಾತಿಗೂ ಕಾಯದೆ ಕಾರು ತೆಗೆದರು, ಅಷ್ಟೆ. ಕಾಲಿನ ಪಕ್ಕ ದಿಂಬು ಇಟ್ಟು, ಸೀರೆಯಿಂದ ಎರಡೂ ಕಾಲು ಸೇರಿಸಿ ಕಟ್ಟಿಕೊಂಡು ತುಮಕೂರಿಗೆ ಹೋದೆವು.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಮೊದಲು ನನ್ನನ್ನು ಕೇಳಿದರು, ಹೇಗೆ ಬಿದ್ದಳು ಅಂತ. ಆಮೇಲೆ ನಮ್ಮೆಜಮಾನರನ್ನು ಹೊರಗೆ ಕರೆದುಕೊಂಡು ಹೋಗಿ ಅದನ್ನೇ ಕೇಳಿದರು. ಆಮೇಲೆ ನರ್ಸ್ ಒಬ್ಬರು ಬಂದು ಅತ್ತೆಯನ್ನು ಕೇಳಿದರು. ಮಗುವಿನ ಬಟ್ಟೆ ತೆಗೆಸಿ ಬೆನ್ನು, ತೋಳು ಎಲ್ಲಾ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಇವರೇನು ನಾವೇ ಹೊಡೆದಿದ್ದೇವೆ ಅಂದುಕೊಂಡರಾ? ಹೌದು, ಹಾಗೂ ಇರಬಹುದು ಅಂತಲೇ ಕೇಳಿದ್ದು. ಮೂರು ವರ್ಷದೊಳಗಿನ ಮಗುವಿನ ತೊಡೆ ಮುರಿದಿದ್ದರೆ ಯಾರಾದರೂ ಹಿಂಸೆ ಕೊಟ್ಟಿದ್ದಾರಾ ಅಂತ ನೋಡಲೇಬೇಕು ಅನ್ನೋದು ವೈದ್ಯರ ನಿಯಮ. ಅದರಲ್ಲೂ ಇನ್ನೂ ನಡೆಯದ ಕೂಸಿನ ತೊಡೆ ಮುರಿದರೆ ಅನುಮಾನ ಜಾಸ್ತಿ. ನಡೆಯದ ಕೂಸು ಬೀಳೋದಾದರೂ ಹೇಗೆ, ಅಲ್ವಾ? ಈಗ ಯೋಚಿಸಿದರೆ ಆ ಡಾಕ್ಟರ ಮೇಲೆ ಗೌರವವೇ ಬರುತ್ತೆ. ಆವತ್ತು ಬಂದಿರಲಿಲ್ಲ.

ಎಕ್ಸ್‌ರೇಯಲ್ಲಿ ಮೂಳೆ ತಿರುಚಿ ಸೀಳಿದ ಹಾಗೆ ಕಂಡಿತು. ಕಬ್ಬಿನ ಜಲ್ಲೆಯನ್ನು ತಿರುಚಿ ಮುರಿದರೆ ಆಗುತ್ತಲ್ಲ, ಹಾಗೆ. "ಆಪರೇಷನ್ ಬೇಡ. ಪ್ಲಾಸ್ಟರ್ ಸಾಕು" ಅಂದರು. ಮರುದಿನ ಮತ್ತು ಬರುವ ಔಷಧ ಕೊಟ್ಟು ಒಳಗೆ ಕರೆದೊಯ್ದರು.

ಪ್ಲಾಸ್ಟರ್ ಅಂದರೆ ನಾನು ಕಾಲಿಗೆ ಹಾಕುತ್ತಾರೆ ಅಂದುಕೊಂಡಿದ್ದೆ. ಹೊರಗೆ ತಂದಾಗ ನೋಡಿದರೆ ಮೊಲೆತೊಟ್ಟಿನ ಮಟ್ಟದಿಂದ ಶುರುವಾಗಿ ಹೊಟ್ಟೆ, ಸೊಂಟ ಸುತ್ತಿ, ಮುರಿದ ಕಾಲಿನ ಪಾದದವರೆಗೆ, ಇನ್ನೊಂದು ಕಾಲಿನ ಮೊಣಕಾಲಿನ ಮೇಲಿನವರೆಗೆ ಬಂದಿತ್ತು. ಎರಡು ಕಾಲೂ ಅಗಲ. ನಡುವೆ ಒಂದು ಅಡ್ಡ ಕೋಲು. ಮಲಮೂತ್ರಕ್ಕೆ ಅಂತ ಕೆಳಗೆ ಒಂದು ಕಿಂಡಿ. ಇದಕ್ಕೆ ಹಿಪ್ ಸ್ಪೈಕಾ ಅಂತ ಹೆಸರು. ನರ್ಸ್ ಹೇಳಿದ ಮೊದಲ ಮಾತು, "ಆ ಕೋಲು ಹಿಡಿದು ಮಾತ್ರ ಎತ್ತಬೇಡಿ ಅಮ್ಮಾ. ಮುರಿಯುತ್ತೆ." ನೋಡಿದರೆ ಅದು ಹಿಡಿದು ಎತ್ತೋಕೇ ಇಟ್ಟ ಹಿಡಿಕೆ ಥರ ಇತ್ತು!

ಮುಂದಿನ ಆರು ವಾರ ನಮ್ಮ ಮನೆ ಆ ಕಿಂಡಿಯ ಸುತ್ತ ತಿರುಗಿತು. ಅದರೊಳಗೆ ಸಣ್ಣ ಅಳತೆಯ ಡಯಾಪರ್ ಒಂದನ್ನು ನಾಲ್ಕೂ ಕಡೆಯಿಂದ ಪ್ಲಾಸ್ಟರಿನ ಅಂಚಿನ ಒಳಗೆ ಬೆರಳಲ್ಲಿ ತುರುಕಬೇಕು. ಮುಂದೆ, ಹಿಂದೆ, ಎರಡೂ ತೊಡೆಸಂದಿ. ಮಡಿಕೆ ಬೀಳಬಾರದು. ಅದರ ಮೇಲೆ ದೊಡ್ಡ ಡಯಾಪರ್ ಸುತ್ತಬೇಕು. ಒಂದು ಮೂಲೆ ಸರಿಯಾಗಿ ತುರುಕದಿದ್ದರೆ ಉಚ್ಚೆ ಬೆನ್ನಿನ ಕಡೆ ಹರಿದು ಹತ್ತಿಯ ಒಳಪದರಕ್ಕೆ ಇಳಿಯುತ್ತೆ. ಅದು ಒಣಗೋಲ್ಲ. ನಾಲ್ಕನೇ ದಿನಕ್ಕೆ ವಾಸನೆ ಶುರು. ಬಿಸಿಗಾಳಿ ಬಿಟ್ಟರೆ ಚರ್ಮ ಸುಡುತ್ತೆ, ಹಾಗಾಗಿ ಡ್ರೈಯರಿನ ತಣ್ಣನೆ ಗಾಳಿಯಲ್ಲಿ ಇಪ್ಪತ್ತು ನಿಮಿಷ. ಮಲಗಿಸುವಾಗ ತಲೆ ಕಡೆ ಎತ್ತರ ಮಾಡಿದರೆ ನೀರು ಕೆಳಗೆ ಹರಿಯುತ್ತೆ ಅನ್ನೋದು ಒಂಬತ್ತನೇ ದಿನ ಹೊಳೆಯಿತು. ಪುಸ್ತಕದಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಊಟ ಒಂದೇ ಸಲ ಜಾಸ್ತಿ ಕೊಡುವ ಹಾಗಿಲ್ಲ, ಹೊಟ್ಟೆ ಉಬ್ಬಲು ಒಳಗೆ ಜಾಗವೇ ಇಲ್ಲ. ರಾಗಿ ಸರಿಯನ್ನು ದಿನಕ್ಕೆ ಆರು ಸಲ, ಒಂದೊಂದು ಒಳಲೆಯಷ್ಟು. ಕೆರೆತ ಬಂದರೆ ಒಳಗೆ ಏನೂ ತೂರಿಸಬಾರದು. ಅಂಗಡಿಯಿಂದ ರಜೆ ಹದಿನೈದು ದಿನ ಸಿಕ್ಕಿತು, ಆಮೇಲೆ ಸಂಬಳವಿಲ್ಲದ ರಜೆ. ಅತ್ತೆಗೆ ಸೊಂಟ ನೋವು, ಎತ್ತುವುದಕ್ಕೆ ಆಗಲ್ಲ. ಹನ್ನೆರಡು ಕೆಜಿ ಮಗು ಪ್ಲಾಸ್ಟರ್ ಸೇರಿ ಎಷ್ಟಾಯಿತೋ ತೂಗಿ ನೋಡಲಿಲ್ಲ, ನನ್ನ ತೋಳಿಗೆ ಗೊತ್ತು.

ಇಷ್ಟು ಸಾಲದು ಅಂತ ಒಂದು ವಾರದ ಎಕ್ಸ್‌ರೇ ಬಂತು. ಎರಡು ತುಂಡುಗಳು ತುದಿಗೆ ತುದಿ ಸೇರಿಯೇ ಇಲ್ಲ. ಅಕ್ಕಪಕ್ಕ ಒರಗಿಕೊಂಡು, ಒಂದೂವರೆ ಸೆಂಟಿಮೀಟರಿನಷ್ಟು ಒಂದರ ಮೇಲೊಂದು ಹತ್ತಿ ಕೂತಿವೆ. ಸ್ವಲ್ಪ ಓರೆ ಬೇರೆ. ನನ್ನ ಎದೆ ಝಲ್ ಅಂತು. ಡಾಕ್ಟರು ಮಾತ್ರ ಫಿಲ್ಮನ್ನು ಬೆಳಕಿಗೆ ಹಿಡಿದು, "ಚೆನ್ನಾಗಿದೆ" ಅಂದರು. ನಾನು ಅದರ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಹಾಕಬಾರದಿತ್ತು. ಸಂಜೆಯೊಳಗೆ ಹನ್ನೊಂದು ಫೋನು. "ಹೆಣ್ಣುಮಗು ಕಣೇ, ಕುಂಟಿಯಾದರೆ?" "ಸುಮ್ನೆ ಅಲ್ಲಿ ಯಾಕಿದ್ದೀಯ, ಬೆಂಗಳೂರಿಗೆ ಕರ್ಕೊಂಡು ಬಾ, ರಾಡ್ ಹಾಕಿಸೋಣ." ಅಕ್ಕ ಅಲ್ಲಿನ ಇನ್ನೊಬ್ಬ ಡಾಕ್ಟರಿಗೆ ತೋರಿಸಿದಳು. ಅವರು ಹೇಳಿದ್ದೂ ಅದೇ, ಚೆನ್ನಾಗಿದೆ, ಮುಟ್ಟಬೇಡಿ.

ಚೆನ್ನಾಗಿರೋದು ಹೇಗೆ ಅನ್ನೋದು ನನಗೆ ಅರ್ಥವಾಗಲು ತಿಂಗಳುಗಳೇ ಹಿಡಿದವು. ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕಿರೋದೂ ಅದನ್ನೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಗುವಿನ ಮೂಳೆ ಮುರಿದಾಗ ಆ ಜಾಗಕ್ಕೆ ರಕ್ತದ ಓಟ ಜಾಸ್ತಿಯಾಗುತ್ತೆ. ಮೂಳೆಯ ಎರಡೂ ತುದಿಯಲ್ಲಿ ಬೆಳೆಯುವ ಪದರವಿರುತ್ತೆ. ಆ ರಕ್ತ ಅದಕ್ಕೂ ಸಿಗುತ್ತೆ. ಹಾಗಾಗಿ ಮುರಿದ ಕಾಲು ಒಂದೆರಡು ವರ್ಷ ಇನ್ನೊಂದು ಕಾಲಿಗಿಂತ ಜೋರಾಗಿ ಬೆಳೆಯುತ್ತೆ. ಎರಡರಿಂದ ಹತ್ತು ವರ್ಷದ ಮಕ್ಕಳಲ್ಲಿ ಇದು ಸಾಮಾನ್ಯ, ಸುಮಾರು ಒಂದು ಸೆಂಟಿಮೀಟರಿನಷ್ಟು. ಅಂದರೆ ಒಂದೂವರೆ ಸೆಂಟಿಮೀಟರ್ ಗಿಡ್ಡವಾಗಿ ಕೂಡಿದ ಮೂಳೆ ಆ ಸಾಲವನ್ನು ಬಹುಪಾಲು ತಾನೇ ತೀರಿಸಿಕೊಳ್ಳುತ್ತೆ. ತುದಿಗೆ ತುದಿ ಕೂಡಿಸಿ ಕೂರಿಸಿದರೆ ಆ ಕಾಲೇ ಸ್ವಲ್ಪ ಉದ್ದವಾಗಬಹುದು! ಐದು ವರ್ಷದೊಳಗಿನವರಲ್ಲಿ ಎರಡು ಸೆಂಟಿಮೀಟರ್‌ವರೆಗೆ ಗಿಡ್ಡ, ಹದಿನೈದು ಇಪ್ಪತ್ತು ಡಿಗ್ರಿವರೆಗೆ ಓರೆ, ಇಷ್ಟಿದ್ದರೆ ವೈದ್ಯರು ತಲೆ ಕೆಡಿಸಿಕೊಳ್ಳುವುದಿಲ್ಲ. ಬೆಳೆಯುತ್ತಾ ಬೆಳೆಯುತ್ತಾ ಉಬ್ಬಿದ ಕಡೆ ಸವೆದು, ತಗ್ಗಿನ ಕಡೆ ತುಂಬಿ, ನೇರವಾಗುತ್ತೆ. ಒಂದನ್ನು ಮಾತ್ರ ಮೂಳೆ ಸರಿಯಾಗಿ ತಿದ್ದಿಕೊಳ್ಳಲ್ಲ, ಅದು ತಿರುಚು. ಪಾದ ಒಳಗೋ ಹೊರಗೋ ತಿರುಗಿದ ಹಾಗೆ ಕೂಡಿಬಿಟ್ಟರೆ ಬಹುಪಾಲು ಹಾಗೇ ಉಳಿಯುತ್ತೆ. ಡಾಕ್ಟರು ಫಿಲ್ಮನ್ನು ಅರ್ಧ ನಿಮಿಷ ನೋಡಿ, ಆಮೇಲೆ ಮಗಳ ಮೊಣಕಾಲು, ಹೆಬ್ಬೆರಳು ಯಾವ ದಿಕ್ಕಿಗಿದೆ ಅಂತ ಅಷ್ಟು ಹೊತ್ತು ನೋಡಿದ್ದು ಯಾಕೆ ಅಂತ ಆಮೇಲೆ ತಿಳಿಯಿತು.

ಮಾವನವರಿಗೆ ಇದನ್ನು ಹೇಳಿದೆ. ತೋಟದಲ್ಲಿ ಕೂತಿದ್ದರು. "ತೆಂಗಿನ ಮರ ಓರೆಯಾಗಿ ಎದ್ದರೆ ಸಾಯೋವರೆಗೂ ಓರೆಯೇ. ಮೂಳೆ ಹೆಂಗಮ್ಮ ನೆಟ್ಟಗಾಗುತ್ತೆ?" ಅಂದರು. ಅತ್ತೆ ಒಳಗಿನಿಂದಲೇ ಹೇಳಿದರು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ಅವಳದ್ದು ಇನ್ನೂ ಗಿಡ." ಮಾವ ಒಪ್ಪಲಿಲ್ಲ, ಆದರೆ ಸುಮ್ಮನಾದರು.

ನಲವತ್ತಮೂರನೇ ದಿನ ಪ್ಲಾಸ್ಟರ್ ಬಿಚ್ಚಿದರು. ಗರಗಸದ ಸದ್ದಿಗೆ ಮಗು ನಡುಗಿತು. ಡಾಕ್ಟರು ಅದನ್ನು ತಮ್ಮ ಅಂಗೈಗೇ ಮುಟ್ಟಿಸಿ ತೋರಿಸಿದರು, ಅದು ಸುತ್ತಲ್ಲ, ಬರೀ ಅದುರುತ್ತೆ, ಚರ್ಮ ಕೊಯ್ಯಲ್ಲ. ಒಳಗಿಂದ ಕಡ್ಲೆಪುರಿ, ಬಳಪದ ಚೂರು, ಒಂದು ರೂಪಾಯಿ ನಾಣ್ಯ ಉದುರಿದವು. ಕಾಲು ಕಡ್ಡಿಯಂತಾಗಿತ್ತು, ಚರ್ಮ ಪೊರೆ ಪೊರೆ. ಮನೆಗೆ ಬಂದ ಮೇಲೆ ಮೊದಲು ತೆವಳಿದಳು. ಆಮೇಲೆ ದೀವಾನ ಹಿಡಿದು ನಿಂತಳು. ಮೂರು ವಾರಕ್ಕೆ ಕುಂಟುತ್ತಾ ನಡೆದಳು. ಕುಂಟು ಹೋಗಲು ಇನ್ನೂ ಕೆಲವು ತಿಂಗಳಾಯಿತು. ವ್ಯಾಯಾಮ ಅಂತ ಯಾರೂ ಏನೂ ಮಾಡಿಸಲಿಲ್ಲ, ಜಗಲಿಯೇ ಮಾಡಿಸಿತು.

ಕಥೆ ಅಲ್ಲಿಗೇ ಮುಗಿದಿದ್ದರೆ ನಾನು ಪ್ಲಾಸ್ಟರಿನ ಭಕ್ತೆಯಾಗಿ ಉಳಿಯುತ್ತಿದ್ದೆನೋ ಏನೋ. ಆದರೆ ಹೋದ ವರ್ಷ ಅಕ್ಕನ ಮಗನನ್ನು ಬೈಕ್ ಒಂದು ಗುದ್ದಿತು. ಅವನಿಗೆ ಎಂಟು ವರ್ಷ, ಇಪ್ಪತ್ತಾರು ಕೆಜಿ. ಸೈಕಲ್ಲಲ್ಲಿ ಬಾಡಿಗೆ ಮನೆಯ ರಸ್ತೆ ದಾಟುತ್ತಿದ್ದ. ತೊಡೆ ಮೂಳೆ ನಡುವೆ, ಸೀಮೆಸುಣ್ಣ ಮುರಿದ ಹಾಗೆ ಅಡ್ಡಲಾಗಿ ಮುರಿದಿತ್ತು. ನಾನು ಅನುಭವಸ್ಥೆ ಅಲ್ವಾ, ಫೋನಿನಲ್ಲೇ ಹೇಳಿದೆ, "ಅಕ್ಕಾ, ಆಪರೇಷನ್‌ಗೆ ಒಪ್ಪಬೇಡ. ಪ್ಲಾಸ್ಟರ್ ಸಾಕು ಅಂತ ಕೇಳು."

ನಾನು ಹೇಳಿದ್ದು ತಪ್ಪು.

ನಮ್ಮ ಸೋದರಮಾವನ ಕಥೆ ನೆನಪಿದ್ದಿದ್ದರೆ ಹಾಗೆ ಹೇಳುತ್ತಿರಲಿಲ್ಲ. 1984ರಲ್ಲಿ ಅವನಿಗೆ ಒಂಬತ್ತು ವರ್ಷ. ಹುಣಸೆ ಮರದಿಂದ ಬಿದ್ದು ತೊಡೆ ಮುರಿಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಕಾಲಿಗೆ ಹಗ್ಗ ಕಟ್ಟಿ, ರಾಟೆಯ ಮೇಲಿಂದ ತೂಕ ಇಳಿಬಿಟ್ಟು, ಮಂಚದ ಕಾಲ ಕೆಳಗೆ ಇಟ್ಟಿಗೆ ಇಟ್ಟು ಮಲಗಿಸಿದರು. ಟ್ರ್ಯಾಕ್ಷನ್ ಅಂದರೆ ಅದು, ಊರ ಮಾತಲ್ಲಿ "ತೂಕ ಕಟ್ಟೋದು". ವಾರಗಟ್ಟಲೆ ಹಾಗೇ. ಆಮೇಲೆ ಪ್ಲಾಸ್ಟರ್. ಅಜ್ಜಿ ಮಂಚದ ಕೆಳಗೇ ಚಾಪೆ ಹಾಸಿಕೊಂಡು ಇದ್ದರಂತೆ. ಮಾವನಿಗೆ ಒಂದು ವರ್ಷ ಶಾಲೆ ಹೋಯಿತು, ಕೆಳಗಿನ ತರಗತಿಯ ಹುಡುಗರ ಜೊತೆ ಕೂತ. ಈಗಲೂ ಅವನಿಗೆ ಆ ಅವಮಾನ ನೆನಪಿದೆ, ನೋವು ನೆನಪಿಲ್ಲ.

ಎಂಟು ವರ್ಷದ ಹುಡುಗನಿಗೆ ಎದೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರೆ ಅವನನ್ನು ಎತ್ತುವವರು ಯಾರು? ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೂಳೆ ಕೂಡಲು ಅವನಿಗೆ ಇನ್ನೂ ಹೆಚ್ಚು ವಾರ ಬೇಕು. ನಾಚಿಕೆ ಬಂದಿರುವ ವಯಸ್ಸು, ಡಯಾಪರ್ ಅಂದರೆ ಒಪ್ಪುತ್ತಾನಾ? ಮೂಳೆ ತಿದ್ದಿಕೊಳ್ಳುವ ಶಕ್ತಿಯೂ ಮೂರು ವರ್ಷದವಳಿಗಿರುವಷ್ಟು ಇರೋಲ್ಲ. ಅಮೆರಿಕದ ಮೂಳೆ ವೈದ್ಯರ ಅಕಾಡೆಮಿ 2009ರಲ್ಲಿ ಕೊಟ್ಟ ಸಲಹೆಯಲ್ಲೂ ವಯಸ್ಸೇ ಗೆರೆ. ಆರು ತಿಂಗಳಿಂದ ಐದು ವರ್ಷದವರೆಗೆ, ಎರಡು ಸೆಂಟಿಮೀಟರಿಗಿಂತ ಕಡಿಮೆ ಗಿಡ್ಡವಾಗಿದ್ದರೆ, ಬೇಗನೆ ಸ್ಪೈಕಾ. ಐದರಿಂದ ಹನ್ನೊಂದರವರೆಗೆ ಬಾಗುವ ಕಡ್ಡಿ ಹಾಕುವುದು ಒಂದು ದಾರಿ. ಆರು ತಿಂಗಳೊಳಗಿನ ಕೂಸಿಗೆ ಬಟ್ಟೆಯ ಪಟ್ಟಿಗಳ ಜೋಡಣೆಯೊಂದೇ ಸಾಕಾಗಬಹುದು. ಹನ್ನೊಂದು ದಾಟಿದವರಿಗೆ, ಅಥವಾ ತೂಕ ಐವತ್ತು ಕೆಜಿಯ ಹತ್ತಿರ ಬಂದವರಿಗೆ ಬಾಗುವ ಕಡ್ಡಿ ತಡೆಯದೆ ಹೋಗಬಹುದು, ಗಟ್ಟಿ ರಾಡೋ ಪ್ಲೇಟೋ ಬೇಕಾಗಬಹುದು.

ಈ ಬಾಗುವ ಕಡ್ಡಿ ನೋಡಲು ಬಹಳ ಸಾಧಾರಣ. ಟೈಟಾನಿಯಂನದ್ದು, ದಪ್ಪನೆ ಹೆಣಿಗೆ ಕಡ್ಡಿಯ ಥರ. ಮೊಣಕಾಲಿನ ಸ್ವಲ್ಪ ಮೇಲೆ, ತೊಡೆಯ ಎರಡೂ ಬದಿಗೆ ಒಂದೊಂದು ಸಣ್ಣ ಗಾಯ ಮಾಡುತ್ತಾರೆ. ಅಲ್ಲಿಂದ ಒಂದೊಂದು ಕಡ್ಡಿಯನ್ನು ಬಿಲ್ಲಿನಂತೆ ಬಗ್ಗಿಸಿ ಮೂಳೆಯ ಪೊಳ್ಳಿನೊಳಗೆ ಮೇಲಕ್ಕೆ ತಳ್ಳುತ್ತಾರೆ, ಎಕ್ಸ್‌ರೇ ಪರದೆ ನೋಡುತ್ತಾ. ಎರಡು ಬಿಲ್ಲುಗಳೂ ಎದುರು ಬದುರು ಒತ್ತಿ ನಿಂತು ಮೂಳೆಯನ್ನು ಒಳಗಿಂದ ಹಿಡಿಯುತ್ತವೆ. ಒಂದೊಂದು ಕಡ್ಡಿಯೂ ಪೊಳ್ಳಿನ ಅತಿ ಕಿರಿದಾದ ಜಾಗದ ನೂರಕ್ಕೆ ನಲವತ್ತರಷ್ಟು ದಪ್ಪ ಇರಬೇಕು ಅನ್ನೋದು ಲೆಕ್ಕ. ಮೊಣಕಾಲಿನ ಹತ್ತಿರದ ಬೆಳೆಯುವ ಪದರವನ್ನು ಮುಟ್ಟುವ ಹಾಗಿಲ್ಲ, ತೊಡೆ ಮೂಳೆಯ ಬೆಳವಣಿಗೆಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಆಗೋದು ಅಲ್ಲೇ. ಫ್ರಾನ್ಸಿನ ನ್ಯಾನ್ಸಿ ಅನ್ನೋ ಊರಲ್ಲಿ ಪ್ರೆವೋ, ಮೆಟೇಜೋ, ಲಿಜಿಯೆ ಮುಂತಾದ ವೈದ್ಯರು ಈ ವಿಧಾನ ಬೆಳೆಸಿದರು. 1988ರಲ್ಲಿ ಅವರು 123 ತೊಡೆ ಮೂಳೆ ಮುರಿತಗಳ ಫಲಿತಾಂಶ ಪ್ರಕಟಿಸಿದ ಮೇಲೆ ಅದು ಎಲ್ಲ ಕಡೆ ಹರಡಿತು. ನಮ್ಮಲ್ಲಿ ಡಾಕ್ಟರುಗಳು ಟೆನ್ಸ್ ಅನ್ನುತ್ತಾರೆ. ಅಕ್ಕ "ಒಳಗೆ ಎರಡು ಕಡ್ಡಿ ಇಟ್ಟಿದ್ದಾರೆ" ಅನ್ನುತ್ತಾಳೆ.

ನಾಲ್ಕನೇ ದಿನ ಹುಡುಗ ಮನೆಗೆ ಬಂದ. ವಾಕರ್ ಹಿಡಿದು, ಆ ಕಾಲಿಗೆ ಭಾರ ಹಾಕದೆ ಬಚ್ಚಲಿಗೆ ತಾನೇ ಹೋದ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳಲ್ಲ. ತಿಂಗಳೊಳಗೆ ಶಾಲೆ.

ಆಗ ನಾನು ಎರಡನ್ನೂ ಎದುರು ಬದುರು ಇಟ್ಟು ಓದಲು ಶುರು ಮಾಡಿದೆ. ಲೆಕ್ಕದವಳಿಗೆ ಅಂಕಿ ಬೇಕು. ಸಿಕ್ಕಿದ್ದು ನಮ್ಮ ಪಕ್ಕದ್ದೇ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಜಗತ್ತಿನ ಬೇರೆ ಬೇರೆ ಕಡೆಯ ಪ್ರಯೋಗಗಳನ್ನೆಲ್ಲ ಜರಡಿ ಹಿಡಿದು 2014ರಲ್ಲಿ, ಚಿಕಿತ್ಸೆಗಳ ಪುರಾವೆ ತೂಗಿ ನೋಡುವ ಕಾಕ್ರೇನ್ ಅನ್ನೋ ಸಂಸ್ಥೆಗೆ ಒಂದು ವರದಿ ಬರೆದಿದ್ದಾರೆ. ಜರಡಿಯಲ್ಲಿ ಉಳಿದದ್ದು ಹತ್ತೇ ಪ್ರಯೋಗ, ಒಟ್ಟು 527 ಮಕ್ಕಳು. ಇಷ್ಟು ಸಾಮಾನ್ಯವಾದ ಮುರಿತಕ್ಕೆ ಇಷ್ಟೇ ಮಕ್ಕಳು! ಮಂಡಿಯಲ್ಲಿ ಇಷ್ಟು ಸಣ್ಣ ಮಾದರಿ ನೋಡಿ ಯಾರೂ ಕೊಬ್ಬರಿ ದರ ಕಟ್ಟಲ್ಲ.

ನಾಲ್ಕರಿಂದ ಹನ್ನೆರಡು ವರ್ಷದವರಲ್ಲಿ ಆಪರೇಷನ್ ಒಂದು ಕಡೆ, ಪ್ಲಾಸ್ಟರ್ ಅಥವಾ ಟ್ರ್ಯಾಕ್ಷನ್ ಇನ್ನೊಂದು ಕಡೆ ಇಟ್ಟು ನೋಡಿದ್ದು 264 ಮಕ್ಕಳಲ್ಲಿ. ಅದರ ಲೆಕ್ಕ ಹೀಗೆ. ಆಪರೇಷನ್ ಇಲ್ಲದೆ ಚಿಕಿತ್ಸೆ ಪಡೆದ 1000 ಮಕ್ಕಳಲ್ಲಿ 115 ಮಂದಿಗೆ ಮೂಳೆ ಒಪ್ಪಲಾಗದಷ್ಟು ಓರೆಯಾಗಿ ಕೂಡುತ್ತೆ ಅಂದುಕೊಂಡರೆ, ಆಪರೇಷನ್ ಮಾಡಿದಲ್ಲಿ 81 ಮಂದಿ ಕಡಿಮೆ. ಇದು ಜಮಾ. ಖರ್ಚಿನ ಕಡೆ, ಸೋಂಕಿನಂಥ ದೊಡ್ಡ ತೊಂದರೆ ಆಪರೇಷನ್ ಇಲ್ಲದವರಲ್ಲಿ 1000ಕ್ಕೆ 40 ಅಂದುಕೊಂಡರೆ, ಆಪರೇಷನ್ ಆದವರಲ್ಲಿ ಇನ್ನೂ 56 ಜಾಸ್ತಿ. ಕಾಲಾಂತರದಲ್ಲಿ ಯಾರ ಕಾಲು ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಹೇಳುವಷ್ಟು ಪುರಾವೆ ಇಲ್ಲ ಅಂತ ಅವರೇ ಬರೆದಿದ್ದಾರೆ.

ಅದರೊಳಗಿನ ಒಂದು ಪ್ರಯೋಗ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು. ನಾಲ್ಕರಿಂದ ಹತ್ತು ವರ್ಷದ ಮಕ್ಕಳು. ಅರ್ಧ ಮಂದಿಗೆ ಸ್ಪೈಕಾ, ಅರ್ಧ ಮಂದಿಗೆ ಹೊರಗಿನಿಂದ ಮೂಳೆಗೆ ಪಿನ್ನು ಹಾಕಿ ಸರಳು ಕೂರಿಸುವ ಆಪರೇಷನ್. ಎರಡು ವರ್ಷದ ಮೇಲೆ ಎಕ್ಸ್‌ರೇ ನೋಡಿದರೆ ಸ್ಪೈಕಾದವರಲ್ಲಿ ನೂರಕ್ಕೆ 45 ಮಂದಿಯ ಮೂಳೆ ಅವರು ಹಾಕಿಕೊಂಡ ಅಳತೆ ಮೀರಿ ಓರೆ ಅಥವಾ ಗಿಡ್ಡ. ಇನ್ನೊಂದು ಗುಂಪಿನಲ್ಲಿ 16. ಅಜಗಜಾಂತರ. ಆದರೆ ಮಕ್ಕಳನ್ನು ಕೇಳಿದರೆ, ತಂದೆ ತಾಯಿಯನ್ನು ಕೇಳಿದರೆ, ಓಡಾಟ, ಆಟ, ತೃಪ್ತಿ ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಫಿಲ್ಮಿನ ಮೂಳೆಯೇ ಒಂದು, ಅಂಗಳದಲ್ಲಿ ಓಡುವ ಮೂಳೆಯೇ ಒಂದು. ಇದನ್ನು ಓದಿದ ರಾತ್ರಿ ನನ್ನ ವಾಟ್ಸಾಪಿನ ಆ ಹನ್ನೊಂದು ಫೋನು ನೆನಪಾದವು.

ಹಾಗಂತ ಎರಡೂ ಒಂದೇ ಅನ್ನೋಕೆ ಹೊರಟಿಲ್ಲ. ಈ ಪ್ರಯೋಗಗಳು ಅಳೆದದ್ದು ಮಗುವಿನ ಕಾಲನ್ನು. ನನ್ನ ಪುಸ್ತಕದ ನಲವತ್ತಮೂರು ಪುಟ ಯಾವ ಕೋಷ್ಟಕದಲ್ಲೂ ಇಲ್ಲ. ಪ್ಲಾಸ್ಟರ್ ಅಗ್ಗ ಅನ್ನುತ್ತಾರೆ. ಆಸ್ಪತ್ರೆಯ ಬಿಲ್ಲಿನಲ್ಲಿ ಅಗ್ಗ, ನಿಜ. ಅಕ್ಕ ಕಟ್ಟಿದ್ದು ನಮ್ಮದರ ಐದು ಪಟ್ಟಿಗೂ ಹೆಚ್ಚು. ಆದರೆ ಅದು ಅಗ್ಗ ಆಗೋದು ಆಸ್ಪತ್ರೆಯ ಕೆಲಸವನ್ನು ಮನೆಗೆ ಕಳಿಸೋದರಿಂದ. ಮನೆಯಲ್ಲಿ ಅದು ಯಾರ ತಲೆಗೆ ಬರುತ್ತೆ ಅಂತ ಹೇಳಬೇಕಾ? ನಾನು ಸಂಬಳ ಬಿಟ್ಟೆ. ನಮ್ಮೆಜಮಾನರು ಒಳ್ಳೆಯವರು, ರಾತ್ರಿ ಎರಡು ಸಲ ಮಗ್ಗುಲು ಬದಲಿಸುತ್ತಿದ್ದರು. ಆದರೆ ಅವರಿಗೆ ರಜೆ ಹಾಕು ಅಂತ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಕೂಲಿಗೆ ಹೋಗುವ ತಾಯಿಯಾಗಿದ್ದರೆ? ವಾರ್ಡಿನಲ್ಲಿ ನಮ್ಮ ಪಕ್ಕದ ಮಂಚದ ಹೆಂಗಸು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರು, ನಾಲ್ಕು ವರ್ಷದ ಮಗನಿಗೆ ಇದೇ ಪ್ಲಾಸ್ಟರ್. "ಆರು ವಾರ ಬಿಟ್ರೆ ಕೆಲ್ಸ ಹೋಯ್ತು ಕಣಕ್ಕ" ಅಂದರು. ಅವರಿಗೆ ಡಾಕ್ಟರು ಕೇಳಿದ್ದು ಮಗುವಿನ ವಯಸ್ಸು, ತೂಕ. ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿದ್ದು ನನಗೆ ಕೇಳಿಸಲಿಲ್ಲ.

ಇನ್ನೊಂದು ಕಡೆ, ಕಡ್ಡಿ ಹಾಕಿಸಿದರೆ ಮುಗಿಯಿತು ಅನ್ನೋದೂ ಸುಳ್ಳು. ಎರಡನೇ ತಿಂಗಳಿಗೆ ಅಕ್ಕನ ಮಗ ಮೊಣಕಾಲು ಮಡಚಲು ಒದ್ದಾಡಿದ. ಕಡ್ಡಿಯ ತುದಿ ಒಳಗಿಂದ ಚರ್ಮಕ್ಕೆ ಒತ್ತುತ್ತಿತ್ತು. ಮುಟ್ಟಿದರೆ ಚರ್ಮದಡಿ ಅಕ್ಕಿಕಾಳಿನಂತೆ ಸಿಗುತ್ತಿತ್ತು. ಈ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವ ತೊಂದರೆಯೇ ಇದಂತೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲು ಆಗದೆ ಕುರ್ಚಿ ಹಾಕಿಸಿಕೊಂಡ. ಆಮೇಲೆ ಒಂಬತ್ತು ತಿಂಗಳಿಗೆ ಕಡ್ಡಿ ತೆಗೆಸಲು ಮತ್ತೆ ಅಡ್ಮಿಟ್, ಮತ್ತೆ ಮತ್ತು, ಮತ್ತೆ ಬಿಲ್ಲು. ಮೊದಲ ದಿನ ಆ ಎರಡನೇ ಆಪರೇಷನ್ ವಿಷಯವನ್ನು ಅಕ್ಕನಿಗೆ ಹೇಳಿದ್ದರೋ ಇಲ್ಲವೋ, ಅವಳಿಗೆ ನೆನಪಿಲ್ಲ. ಮಗುವಿನ ಕಾಲು ಮುರಿದ ದಿನ ಯಾರು ಏನು ಹೇಳಿದರೂ ತಲೆಗೆ ಹೋಗೋಲ್ಲ.

ಈಗ ಯಾರಾದರೂ ಫೋನ್ ಮಾಡಿ, "ನಿಮ್ಮ ಮಗಳಿಗೂ ಆಗಿತ್ತಲ್ಲ, ಏನು ಮಾಡಿಸೋದು" ಅಂದರೆ ನಾನು ಮೊದಲು ವಯಸ್ಸು ಕೇಳುತ್ತೇನೆ. ಆಮೇಲೆ, ಮನೆ ಎಷ್ಟನೇ ಮಹಡಿ, ಎತ್ತುವವರು ಯಾರು, ರಜೆ ಇದೆಯಾ ಅಂತ. ಆಮೇಲೆ ಒಂದೇ ಮಾತು: ಐದಕ್ಕಿಂತ ಚಿಕ್ಕ ಮಗುವಾದರೆ ಎಕ್ಸ್‌ರೇ ಫೋಟೋವನ್ನು ಗುಂಪಿಗೆ ಹಾಕಬೇಡಿ. ಉಳಿದದ್ದು ಡಾಕ್ಟರ ಹತ್ತಿರ ಕೂತು ಕೇಳುವಂಥದ್ದು.

ಕಡ್ಡಿ ತೆಗೆದ ಮಾರನೇ ವಾರ ಅಕ್ಕನ ಮಗ ನಮ್ಮ ಮನೆಗೆ ಬಂದಿದ್ದ. ತೆಗೆದ ಎರಡು ಕಡ್ಡಿಗಳನ್ನು ಆಸ್ಪತ್ರೆಯವರು ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದಾರೆ. ಶಾಲೆಗೆಲ್ಲ ತೋರಿಸಿ ಆಗಿದೆ. ಜಗಲಿ ಕಟ್ಟೆಯ ಮೇಲೆ ಕೂತು ನನ್ನ ಮಗಳಿಗೆ ತೋರಿಸಿದ. ಅವಳಿಗೀಗ ಏಳು ವರ್ಷ. ಕಡ್ಡಿಯನ್ನು ಬಗ್ಗಿಸಿ ನೋಡಿದಳು, ಮೂಗಿನ ಹತ್ತಿರ ಹಿಡಿದು ಮೂಸಿದಳು. ತನ್ನ ಕಾಲೂ ಮುರಿದಿತ್ತು ಅಂತ ಅವಳಿಗೆ ನಾವು ಹೇಳಿ ಗೊತ್ತು ಅಷ್ಟೆ, ನೆನಪಿಲ್ಲ. ಒಳಗೆ ಓಡಿ ಬಂದು ಕೇಳಿದಳು, "ಅಮ್ಮಾ, ನಂದೆಲ್ಲಿ?"

ನಿನಗೆ ಕಡ್ಡಿ ಹಾಕಿರಲಿಲ್ಲ ಅಂದೆ. ನಂಬಲಿಲ್ಲ. ಏನಾದರೂ ಕೊಟ್ಟಿರಲೇಬೇಕು ಅಂತ ಹಟ. ಕೊನೆಗೆ ಲೆಕ್ಕದ ಪುಸ್ತಕ ತೆಗೆದು ಆ ಪುಟಗಳನ್ನು ತೋರಿಸಿದೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಒದ್ದೆ. ಒದ್ದೆ. ಎರಡೂ." ಆಮೇಲೆ ಕೇಳಿದಳು, "ಎರಡೂ ಅಂದ್ರೆ?"